ಕರ್ಪೂರ ಆವಿಯಾಯಿತೋ, ಉರಿಯಿತೋ? ಬದಲಾವಣೆಯ ಬಗೆ ಗುರುತಿಸುವುದು ಹೀಗೆ

ಡಬ್ಬಿಯ ಮುಚ್ಚಳ ಸಡಿಲವಿದ್ದರೆ ಕರ್ಪೂರ ತಾನೇ ಸವೆದುಹೋಗುತ್ತದೆ. ಆರತಿ ತಟ್ಟೆಯಲ್ಲಿ ಹಚ್ಚಿದರೂ ಇಲ್ಲವಾಗುತ್ತದೆ. ಎರಡೂ ಕಡೆ ಬಿಲ್ಲೆ ಮಾಯ. ಆದರೂ ಮೊದಲನೆಯದು ಭೌತ ಬದಲಾವಣೆ, ಎರಡನೆಯದು ರಾಸಾಯನಿಕ ಬದಲಾವಣೆ. ಕೇಳಬೇಕಾದ್ದು ಒಂದೇ ಪ್ರಶ್ನೆ: ಈಗಿರುವುದು ಮೊದಲಿನ ವಸ್ತುವೇನಾ, ಬೇರೆಯದಾ? ಅದೇ ಆದರೆ ಭೌತ, ಬೇರೆಯದಾದರೆ ರಾಸಾಯನಿಕ.

ಮೊದಲು ಕರ್ಪೂರವನ್ನೇ ಪರೀಕ್ಷಿಸಿ. ಎರಡು ಬಿಲ್ಲೆ ಪುಡಿಮಾಡಿ ಎತ್ತರದ ಸ್ಟೀಲ್ ಲೋಟಕ್ಕೆ ಹಾಕಿ. ನೀರು ಕುದಿಸಿ, ಒಲೆ ಪೂರ್ತಿ ಆರಿಸಿದ ಮೇಲೆ ಲೋಟವನ್ನು ಆ ಪಾತ್ರೆಯೊಳಗೆ ನಿಲ್ಲಿಸಿ. ಲೋಟದ ಬಾಯಿಗೆ ಸ್ಟೀಲ್ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ನಾಲ್ಕು ಐಸ್ ತುಂಡು ಇಡಿ. ಕಾಲು ಗಂಟೆ ಬಿಟ್ಟು ತಟ್ಟೆ ಎತ್ತಿ ನೋಡಿದರೆ ಅಡಿಯಲ್ಲಿ ಬಿಳಿ ಹರಳು ಕೂತಿರುತ್ತದೆ. ಅದೇ ಘಾಟು ವಾಸನೆ, ಕಡ್ಡಿ ಗೀರಿದರೆ ಅದೇ ಉರಿ. ಘನ ಆವಿಯಾಗಿ ಮತ್ತೆ ಘನವಾಯಿತು, ಅಷ್ಟೇ. ತಟ್ಟೆ ಸರಿಯಾಗಿ ಕೂರದಿದ್ದರೆ ಹೊರಗಿನ ನೀರಿನ ಹಬೆ ಒಳಗೆ ನುಗ್ಗಿ ಹರಳಿನ ಬದಲು ಹನಿ ಕಾಣುತ್ತದೆ. ನೇರ ಬೆಂಕಿಯ ಮೇಲೆ ಮಾತ್ರ ಇದನ್ನು ಮಾಡಲೇಬೇಡಿ, ಕರ್ಪೂರದ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ.

ಇನ್ನೊಂದು ಬಿಲ್ಲೆ ಹಚ್ಚಿ, ಜ್ವಾಲೆಯ ಮೇಲೆ ಉದ್ದ ಹಿಡಿಯ ತಣ್ಣನೆಯ ಚಮಚ ಹಿಡಿಯಿರಿ. ಚಮಚಕ್ಕೆ ಹತ್ತುವುದು ಕರಿ ಮಸಿ. ಅದು ಇಂಗಾಲ; ಕರ್ಪೂರವಲ್ಲ. ಉಳಿದದ್ದು ಆಮ್ಲಜನಕದ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿಯಾಗಿ ಹೋಯಿತು.

ಗುಳ್ಳೆ ಬಂದರೆ ರಾಸಾಯನಿಕ ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ಇದು ಅರ್ಧ ಸತ್ಯ. ಕುದಿಯುವ ನೀರಿನ ಗುಳ್ಳೆ ಬರೀ ನೀರಾವಿ. ಸೋಡಾ ಬಾಟಲಿ ತೆರೆದಾಗ ಉಕ್ಕುವುದು ಒತ್ತಡದಲ್ಲಿ ಮೊದಲೇ ಕರಗಿಸಿಟ್ಟ ಅನಿಲ. ಒಂದು ಚಮಚ ಅಡುಗೆ ಸೋಡಾಕ್ಕೆ ಅರ್ಧ ಹೋಳು ನಿಂಬೆ ಹಿಂಡಿದಾಗ ಮಾತ್ರ ಅನಿಲ ಹೊಸದಾಗಿ ಹುಟ್ಟುತ್ತದೆ. ತಿಳಿ ಸುಣ್ಣದ ನೀರನ್ನು ಹಾಲಿನಂತೆ ಬಿಳಿಯಾಗಿಸುವ ಪರೀಕ್ಷೆ ಇಲ್ಲಿ ತೀರ್ಪು ಕೊಡುವುದಿಲ್ಲ: ಸೋಡಾ ಬಾಟಲಿಯ ಅನಿಲವೂ, ನಿಂಬೆ–ಸೋಡಾದ ಅನಿಲವೂ ಅದನ್ನು ಬಿಳಿ ಮಾಡುತ್ತವೆ. ಅನಿಲ ಇಂಗಾಲದ ಡೈಆಕ್ಸೈಡ್ ಎಂದು ಅದು ಹೇಳುತ್ತದೆ, ಎಲ್ಲಿಂದ ಬಂತೆಂದು ಹೇಳುವುದಿಲ್ಲ.

‘ಹಿಂದಕ್ಕೆ ತರಲಾಗದಿದ್ದರೆ ರಾಸಾಯನಿಕ’ ಎಂಬ ಸೂತ್ರವೂ ಕೈಕೊಡುತ್ತದೆ. ರಾಗಿ ಬೀಸಿದರೆ ಹಿಟ್ಟನ್ನು ಮತ್ತೆ ಕಾಳು ಮಾಡಲಾಗದು. ಆದರೂ ಅದು ಭೌತ ಬದಲಾವಣೆಯೇ. ಇದಕ್ಕೆ ತದ್ವಿರುದ್ಧ ಆರತಿಯ ಕೆಂಪು ನೀರು. ಕಾಲು ಲೋಟ ನೀರಿಗೆ ಅರ್ಧ ಚಮಚ ಅರಿಶಿನ ಕದಡಿ, ಕಡಲೆಕಾಳಿನಷ್ಟು ಎಲೆಯಡಿಕೆ ಸುಣ್ಣ ಸೇರಿಸಿ. ಕೂಡಲೇ ಕೆಂಪಾಗುತ್ತದೆ. ಅರಿಶಿನದ ಬಣ್ಣದ ಅಣುವೇ ಸುಣ್ಣದ ಕ್ಷಾರಕ್ಕೆ ಬದಲಾಗಿರುತ್ತದೆ, ಹಾಗಾಗಿ ಇದು ರಾಸಾಯನಿಕ. ಈಗ ನಿಂಬೆರಸ ಹನಿಹನಿಯಾಗಿ ಬಿಡಿ: ಮತ್ತೆ ಹಳದಿ! ಕೆಂಪಾಗದಿದ್ದರೆ ಸುಣ್ಣ ಹಳೆಯದು ಎಂದರ್ಥ. ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಸುಣ್ಣಕಲ್ಲಿನ ಪುಡಿಯಾಗಿ ಕ್ಷಾರಗುಣ ಕಳೆದುಕೊಂಡಿರುತ್ತದೆ. ಹೊಸ ಡಬ್ಬಿ ತನ್ನಿ, ಸುಣ್ಣ ಮುಟ್ಟಿದ ಬೆರಳನ್ನು ಮಕ್ಕಳು ಕಣ್ಣಿಗೆ ತಾಗಿಸದಂತೆ ನೋಡಿಕೊಳ್ಳಿ.