ಬಾಯಿಯ ದುರ್ವಾಸನೆಗೆ ಆಹಾರ ಕಾರಣವೇ ಎಂದು ಪತ್ತೆಹಚ್ಚುವ ಕ್ರಮ

ಬಾಯಿಯಿಂದ ದುರ್ವಾಸನೆ ಬರುತ್ತಿದೆ ಎಂದು ತಿಳಿದೊಡನೆ ಹೊಟ್ಟೆಯೇ ಕೆಟ್ಟಿರಬೇಕೆಂದು ಭಾವಿಸಿ, ಮೊದಲು ಹಾಲನ್ನು, ಆಮೇಲೆ ಗೋಧಿಯನ್ನು, ಬಳಿಕ ಮತ್ತೊಂದನ್ನು ಬಿಡುತ್ತ ಹೋಗುವವರು ಬಹಳ ಮಂದಿ. ಹಾಗೆ ಬಿಟ್ಟವರಲ್ಲಿ ಅನೇಕರಿಗೆ ವಾಸನೆ ಹೋಗುವುದಿಲ್ಲ, ತಟ್ಟೆ ಮಾತ್ರ ಬರಿದಾಗುತ್ತದೆ. ವಾಸನೆ ಎಲ್ಲಿಂದ ಹೊರಡುತ್ತಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು ಆಹಾರದ ಪರೀಕ್ಷೆಯನ್ನು ಆನಂತರ ಕೈಗೊಂಡರೆ ಈ ವ್ಯರ್ಥ ಕಷ್ಟ ತಪ್ಪುತ್ತದೆ.

ನೂರರಲ್ಲಿ ಸುಮಾರು 80ರಿಂದ 90 ಜನರಲ್ಲಿ ದುರ್ವಾಸನೆಯ ಮೂಲ ಬಾಯಿಯೊಳಗೇ ಇರುತ್ತದೆ. ನಾಲಿಗೆಯ ಹಿಂಭಾಗದಲ್ಲೂ ವಸಡಿನ ಸಂದಿಗಳಲ್ಲೂ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಆಹಾರದ ಮತ್ತು ಸತ್ತ ಜೀವಕೋಶಗಳ ಪ್ರೋಟೀನನ್ನು ಒಡೆದು, ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕಾಪ್ಟನ್ ಮುಂತಾದ ಗಂಧಕದ ಅನಿಲಗಳನ್ನು ಬಿಡುತ್ತವೆ. ಇದನ್ನು ಮನೆಯಲ್ಲೇ ಒಂದಿಷ್ಟು ಪರೀಕ್ಷಿಸಿಕೊಳ್ಳಬಹುದು. ಚಮಚದ ಅಂಚಿನಿಂದ ನಾಲಿಗೆಯ ಹಿಂಭಾಗವನ್ನು ಮೆಲ್ಲಗೆ ಹೆರೆದು, ಬಂದ ಲೋಳೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮೂಸಿ ನೋಡಬೇಕು. ಬಳಿಕ ನಂಬಿಕೆಯ ಒಬ್ಬರನ್ನು ಹತ್ತಿರ ಕೂರಿಸಿಕೊಂಡು, ಮೂಗು ಹಿಡಿದು ಬಾಯಿಂದ ಒಮ್ಮೆ, ಬಾಯಿ ಮುಚ್ಚಿ ಮೂಗಿನಿಂದ ಒಮ್ಮೆ ಉಸಿರು ಬಿಟ್ಟು ಕೇಳಬೇಕು. ಬಾಯುಸಿರು ಮಾತ್ರ ನಾರಿದರೆ ಮೂಲ ಬಾಯಿ ಅಥವಾ ಗಂಟಲಿನಲ್ಲಿರುವ ಸಾಧ್ಯತೆ ಹೆಚ್ಚು, ಮೂಗಿನ ಉಸಿರು ಮಾತ್ರ ನಾರಿದರೆ ಮೂಗು ಮತ್ತು ಅದರ ಸುತ್ತಲಿನ ಕುಳಿಗಳನ್ನು ನೋಡಿಸಬೇಕು, ಎರಡರಲ್ಲೂ ಒಂದೇ ಬಗೆಯ ವಾಸನೆ ಬಂದರೆ ಅದು ಶ್ವಾಸಕೋಶದ ಮೂಲಕ, ಅಂದರೆ ರಕ್ತದಿಂದ, ಬರುತ್ತಿರಬಹುದು. ಆಹಾರದಲ್ಲಿ ಯಾವ ಬದಲಾವಣೆಯನ್ನೂ ಮಾಡುವ ಮುನ್ನ ಎರಡು ವಾರ ನಾಲಿಗೆಯ ಹಿಂಭಾಗವನ್ನೂ ಹಲ್ಲುಸಂದಿಗಳನ್ನೂ ದಿನವೂ ಶುಚಿಗೊಳಿಸಿ, ದಂತವೈದ್ಯರಿಗೆ ವಸಡುಗಳನ್ನು ತೋರಿಸುವುದು ನನ್ನ ದೃಷ್ಟಿಯಲ್ಲಿ ಬಿಡಲೇಬಾರದ ಹೆಜ್ಜೆ.

ರಕ್ತದ ಮೂಲಕ ಬರುವ ವಾಸನೆಗೆ ಬೆಳ್ಳುಳ್ಳಿ ಒಳ್ಳೆಯ ಉದಾಹರಣೆ. ಅದರಿಂದ ಹುಟ್ಟುವ ಅಲೈಲ್ ಮೀಥೈಲ್ ಸಲ್ಫೈಡ್ ಎಂಬ ವಸ್ತು ಕರುಳಿನಿಂದ ರಕ್ತಕ್ಕೆ ಸೇರಿ, ಗಂಟೆಗಟ್ಟಲೆ ಉಸಿರಿನಲ್ಲಿ ಹೊರಬರುತ್ತಿರುವುದರಿಂದ, ಎಷ್ಟು ಹಲ್ಲುಜ್ಜಿದರೂ ಆ ವಾಸನೆ ಪೂರ್ತಿ ಹೋಗದು. ಹಾಗೆಯೇ, ಉಪವಾಸ ಮಾಡಿದಾಗ ಅಥವಾ ಪಿಷ್ಟ ಮತ್ತು ಸಕ್ಕರೆಯನ್ನು ತೀರ ಕಡಿಮೆ ಮಾಡಿದಾಗ ದೇಹವು ಕೊಬ್ಬನ್ನು ಕರಗಿಸಿ ಕೀಟೋನ್‌ಗಳನ್ನು ತಯಾರಿಸುತ್ತದೆ. ಅವುಗಳಲ್ಲೊಂದಾದ ಅಸಿಟೋನ್ ಉಸಿರಿಗೆ ಕಳಿತ ಹಣ್ಣಿನಂಥ ವಾಸನೆ ಕೊಡುತ್ತದೆ. ಊಟ ತಪ್ಪಿದರೆ ಜಗಿಯುವಿಕೆ ಇಲ್ಲದೆ ಜೊಲ್ಲೂ ಕಡಿಮೆಯಾಗುತ್ತದೆ, ಒಣಗಿದ ಬಾಯಿ ಹೆಚ್ಚು ನಾರುತ್ತದೆ. ಆದ್ದರಿಂದ ದುರ್ವಾಸನೆಗೆ ಹೆದರಿ ಊಟ ಕಡಿಮೆ ಮಾಡಿದವರು ತಮಗರಿವಿಲ್ಲದೆ ಅದನ್ನೇ ಬೆಳೆಸುತ್ತಿರಬಹುದು.

ಹೊಟ್ಟೆಯ ಪಾತ್ರ ಜನ ನಂಬಿರುವಷ್ಟು ದೊಡ್ಡದಲ್ಲ. ಅನ್ನನಾಳವು ನುಂಗುವಾಗ ಮತ್ತು ತೇಗುವಾಗ ಬಿಟ್ಟರೆ ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ಜಠರದ ಆಮ್ಲ ಪದೇ ಪದೇ ಮೇಲೇರುವವರಲ್ಲಿ ಮಾತ್ರ ಹುಳಿತೇಗು, ಎದೆಯುರಿಗಳ ಜೊತೆಗೆ ವಾಸನೆಯೂ ಕಾಣಿಸಿಕೊಳ್ಳಬಹುದು. ಅಂಥವರು ಮಲಗುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಸಿ, ಹಾಸಿಗೆಯ ತಲೆಯ ಭಾಗವನ್ನು 15ರಿಂದ 20 ಸೆಂಟಿಮೀಟರ್ ಎತ್ತರಿಸಿಕೊಂಡು, ಜಿಡ್ಡಿನ ಪದಾರ್ಥ, ಕಾಫಿ, ಚಾಕೊಲೇಟ್, ಮದ್ಯ ಇವುಗಳಲ್ಲಿ ತಮಗೆ ಯಾವುದು ಆಗದೆಂದು ಗಮನಿಸಬೇಕು.

ಇನ್ನು ಆಹಾರ ಅಸಹಿಷ್ಣುತೆಯ, ಅಂದರೆ ಕೆಲವು ಆಹಾರಗಳು ಮೈಗೆ ಒಗ್ಗದಿರುವುದರ, ಮಾತು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಸಾಲದಾದಾಗ, ಜೀರ್ಣವಾಗದ ಸಕ್ಕರೆ ದೊಡ್ಡಕರುಳನ್ನು ತಲುಪಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ, ಹೊಟ್ಟೆಯುಬ್ಬರ, ಗುಡುಗುಟ್ಟುವಿಕೆ ಮತ್ತು ಭೇದಿಯನ್ನು ಉಂಟುಮಾಡುತ್ತದೆ. ಹೀಗೆ ಹುಟ್ಟಿದ ಹೈಡ್ರೋಜನ್ ಉಸಿರಿನಲ್ಲಿ ಬರುವುದರಿಂದಲೇ ವೈದ್ಯರು ಉಸಿರಿನ ಪರೀಕ್ಷೆಯಿಂದ ಈ ತೊಂದರೆಯನ್ನು ಗುರುತಿಸುತ್ತಾರೆ. ಆದರೆ ಹೈಡ್ರೋಜನ್ನಿಗಾಗಲಿ ಮೀಥೇನಿಗಾಗಲಿ ವಾಸನೆಯೇ ಇಲ್ಲ. ಕರುಳಿನಲ್ಲಿ ಹುಟ್ಟುವ ನಾರುವ ಗಂಧಕದ ಅನಿಲಗಳನ್ನು ಕರುಳಿನ ಗೋಡೆ ಮತ್ತು ಯಕೃತ್ತು ಬಹುಪಾಲು ಅಲ್ಲಿಯೇ ನಿಷ್ಕ್ರಿಯಗೊಳಿಸುತ್ತವೆ. ಹಾಗಾಗಿ ಹಾಲು ಒಗ್ಗದಿರುವುದೇ ದುರ್ವಾಸನೆಗೆ ನೇರ ಕಾರಣವೆಂದು ತೀರ್ಮಾನಿಸುವುದು ಸರಿಯಲ್ಲ. ನಂಟು ಬಹುಮಟ್ಟಿಗೆ ಬಳಸುದಾರಿಯದು: ಹೊಟ್ಟೆ ಉಬ್ಬಿದಾಗ ತೇಗು ಹೆಚ್ಚುತ್ತದೆ, ಊಟ ತಪ್ಪುತ್ತದೆ, ಬಾಯಿ ಒಣಗುತ್ತದೆ. ವಾಸನೆ ಮುಚ್ಚಲು ದಿನವಿಡೀ ಸಕ್ಕರೆರಹಿತ ಚೂಯಿಂಗ್ ಗಮ್ ಜಗಿಯುವವರಿಗೆ ಇನ್ನೊಂದು ಎಚ್ಚರಿಕೆಯನ್ನೂ ಹೇಳಬೇಕು. ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿಕಾರಕ ಪೂರ್ತಿ ಜೀರ್ಣವಾಗದೆ ಹೊಟ್ಟೆಯುಬ್ಬರವನ್ನು ತರುತ್ತದೆ, ಪುದೀನ ಕೆಲವರಲ್ಲಿ ಆಮ್ಲವನ್ನು ಮೇಲೇರಿಸುತ್ತದೆ.

ಇಷ್ಟಾದ ಮೇಲೂ ಒಂದು ಆಹಾರದ ಮೇಲೆ ಸಂಶಯ ಉಳಿದರೆ, ಎರಡು ವಾರ ಏನನ್ನೂ ಬಿಡದೆ, ತಿಂದದ್ದು, ತಿಂದ ಹೊತ್ತು, ಹೊಟ್ಟೆಯ ಸ್ಥಿತಿ, ಉಸಿರಿನ ಸ್ಥಿತಿ ಇವನ್ನು ಪ್ರತಿದಿನ ಬರೆದಿಡಿ. ಉಸಿರಿನ ವಿಷಯದಲ್ಲಿ ನಿಮ್ಮ ಊಹೆಗಿಂತ ಜೊತೆಯವರ ಮಾತೇ ಹೆಚ್ಚು ನಂಬತಕ್ಕದ್ದು, ಏಕೆಂದರೆ ತನ್ನ ಉಸಿರಿಗೆ ತನ್ನ ಮೂಗು ಒಗ್ಗಿಹೋಗಿರುತ್ತದೆ. ಟಿಪ್ಪಣಿಯಲ್ಲಿ ಮತ್ತೆ ಮತ್ತೆ ಕಾಣುವ ಒಂದೇ ಒಂದು ಆಹಾರವನ್ನು ಎರಡರಿಂದ ನಾಲ್ಕು ವಾರ ಬಿಟ್ಟು ನೋಡಿ; ಬದಲಾವಣೆ ಕಾಣದಿದ್ದರೆ ಅದನ್ನು ಹಿಂದಿನಂತೆ ತಿನ್ನಿ. ಬದಲಾವಣೆ ಕಂಡರೆ ಪರೀಕ್ಷೆ ಅರ್ಧ ಮುಗಿದಂತೆ ಅಷ್ಟೆ. ಮೊದಲ ದಿನ ಸ್ವಲ್ಪ, ಮರುದಿನ ಇನ್ನಷ್ಟು, ಮೂರನೆಯ ದಿನ ವಾಡಿಕೆಯ ಪ್ರಮಾಣ ಎಂಬಂತೆ ಅದನ್ನು ಮರಳಿ ಸೇವಿಸಿ, ತೊಂದರೆ ಮರುಕಳಿಸಿದರೆ ಮಾತ್ರ ಅದೇ ಕಾರಣವೆಂದು ಒಪ್ಪಿಕೊಳ್ಳಿ. ಆಗಲೂ ಪೂರ್ತಿ ಬಿಡಬೇಕಾದ ಪ್ರಸಂಗ ಕಡಿಮೆ. ಲ್ಯಾಕ್ಟೋಸ್ ಒಗ್ಗದವರಲ್ಲಿ ಹೆಚ್ಚಿನವರು ಸುಮಾರು 12 ಗ್ರಾಂ ಲ್ಯಾಕ್ಟೋಸನ್ನು, ಅಂದರೆ ಒಂದು ಲೋಟ ಹಾಲನ್ನು, ತೊಂದರೆಯಿಲ್ಲದೆ ಅಥವಾ ಅಲ್ಪ ತೊಂದರೆಯೊಂದಿಗೆ ಅರಗಿಸಿಕೊಳ್ಳುತ್ತಾರೆ, ಮೊಸರು ಅದಕ್ಕಿಂತ ಸುಲಭವಾಗಿ ಒಗ್ಗುತ್ತದೆ.

ಎರಡು ಸಂದರ್ಭಗಳಲ್ಲಿ ಈ ಪ್ರಯೋಗವನ್ನು ಮನೆಯಲ್ಲಿ ಮಾಡಲೇಬಾರದು. ತಿಂದ ಕೂಡಲೇ ಮೈಮೇಲೆ ದದ್ದು, ತುಟಿ ಅಥವಾ ಗಂಟಲಿನ ಊತ, ಉಸಿರುಗಟ್ಟುವಿಕೆ ಬಂದರೆ ಅದು ಅಸಹಿಷ್ಣುತೆಯಲ್ಲ, ಜೀವಕ್ಕೇ ಅಪಾಯ ತರಬಲ್ಲ ಅಲರ್ಜಿ. ಗೋಧಿಯ ಗ್ಲುಟೆನ್ ಎಂಬ ಪ್ರೋಟೀನು ಸಣ್ಣಕರುಳಿಗೆ ಹಾನಿ ಮಾಡುವ ಸೀಲಿಯಾಕ್ ಕಾಯಿಲೆಯ ಸಂಶಯವಿದ್ದರೆ, ರಕ್ತಪರೀಕ್ಷೆ ಮುಗಿಯುವವರೆಗೆ ಗೋಧಿಯನ್ನು ಬಿಡಬಾರದು. ಬಿಟ್ಟರೆ ರೋಗವಿದ್ದರೂ ಪರೀಕ್ಷೆಯಲ್ಲಿ ಕಾಣದೆ ಹೋಗಬಹುದು. ಹತ್ತಾರು ಆಹಾರಗಳಿಗೆ ಒಮ್ಮೆಲೇ ರಕ್ತದಲ್ಲಿನ ಐಜಿಜಿ ಎಂಬ ಪ್ರತಿಕಾಯಗಳನ್ನು (ದೇಹದ ರಕ್ಷಣೆಯ ಪ್ರೋಟೀನುಗಳನ್ನು) ಅಳೆದು ಪಟ್ಟಿ ಕೊಡುವ ಪರೀಕ್ಷೆಗಳಿಗೆ ಹಣ ತೆರಬೇಡಿ, ಏಕೆಂದರೆ ಆ ಪ್ರತಿಕಾಯಗಳು ನೀವು ಆ ಆಹಾರವನ್ನು ತಿಂದಿದ್ದೀರಿ ಎಂಬುದನ್ನಷ್ಟೇ ತೋರಿಸುತ್ತವೆ.

ಕಾರಣವಿಲ್ಲದೆ ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ ಅಥವಾ ಜೀರ್ಣವಾಗದ ಅನ್ನ ಗಂಟೆಗಳ ನಂತರ ಬಾಯಿಗೆ ಮರಳಿದರೆ ಟಿಪ್ಪಣಿ ಬರೆಯುತ್ತ ಕೂರದೆ ವೈದ್ಯರನ್ನು ಕಾಣಬೇಕು. ಮಕ್ಕಳ ಊಟದಿಂದ ಯಾವುದನ್ನಾದರೂ ಬಿಡಿಸುವ ಮುಂಚೆಯೂ ವೈದ್ಯರ ಸಲಹೆ ಪಡೆಯಬೇಕು.