ಕೊಡಗಿನ ಮಳೆ, ಹಂಚಿನ ಮನೆ ಮತ್ತು ನನ್ನ ಸ್ಪೀಕರ್‌ಗಳು

ಕೊಡಗಿನಲ್ಲಿ ಹಳೆಯ ಸ್ಪೀಕರ್ ಕೊಳ್ಳಲು ಹೊರಟವರು ಕಂಪನಿಯ ಹೆಸರನ್ನೂ ವ್ಯಾಟ್ ಲೆಕ್ಕವನ್ನೂ ಆಮೇಲೆ ವಿಚಾರಿಸಲಿ. ಮೊದಲು ಮುಂಭಾಗದ ಬಟ್ಟೆಯ ಜಾಲರಿಯನ್ನು ತೆಗೆಸಿ, ಕೆಳಸ್ವರ ಹೊರಡಿಸುವ ವೂಫರ್‌ನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಬೇಕು. ಕಂಪಿಸಿ ಸದ್ದು ಹೊರಡಿಸುವ ಕೋನಿನ ಸುತ್ತ ಉಬ್ಬಿಕೊಂಡಿರುವ ಆ ಮೆತ್ತನೆಯ ಪಟ್ಟಿಗೆ ಸರೌಂಡ್ ಎನ್ನುತ್ತಾರೆ. ಕೋನು ಹಿಂದೆ ಮುಂದೆ ಚಲಿಸಲು ಎಡೆ ಕೊಟ್ಟು, ಅದನ್ನು ನಡುವಿನಿಂದ ಕದಲದಂತೆ ಹಿಡಿದುಕೊಳ್ಳುವುದು ಅದರ ಕೆಲಸ. ಅದು ಫೋಮಿನದಾಗಿದ್ದು ಬೆರಳಿಗೆ ಅಂಟಿಕೊಂಡರೆ ಅಥವಾ ಪುಡಿಯಾಗಿ ಉದುರಿದರೆ, ಆ ಸ್ಪೀಕರ್ ಈಗ ಎಷ್ಟೇ ಚೆನ್ನಾಗಿ ಹಾಡುತ್ತಿದ್ದರೂ ಮುಂದಿನ ಮಳೆಗಾಲವನ್ನು ದಾಟುವುದಿಲ್ಲ.

ಫೋಮ್ ಹಾಳಾಗುವುದಕ್ಕೆ ಸ್ಪಷ್ಟ ಕಾರಣವಿದೆ. 1970 ಮತ್ತು 80ರ ದಶಕಗಳ ಬಹಳಷ್ಟು ಸ್ಪೀಕರ್‌ಗಳಿಗೆ ಪಾಲಿಯುರೆಥೇನ್ ಫೋಮಿನ ಸರೌಂಡ್ ಹಾಕುತ್ತಿದ್ದರು. ಹಗುರ, ಅಗ್ಗ, ಕೆಳಸ್ವರಕ್ಕೆ ಒಳ್ಳೆಯದು. ಆದರೆ ಗಾಳಿಯ ತೇವ ಅದರ ಅಣುಗಳ ಕೊಂಡಿಯನ್ನೇ ಒಂದೊಂದಾಗಿ ಕತ್ತರಿಸುತ್ತದೆ. ಒಣ ಹವೆಯ ಊರುಗಳಲ್ಲೂ ಕೆಲವು ದಶಕಗಳೊಳಗೆ ಅದು ಪುಡಿಯಾಗುತ್ತದೆ. ನಮ್ಮ ನಾಪೋಕ್ಲು ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕದ ರಟ್ಟಿಗೆ, ಚರ್ಮದ ಬೆಲ್ಟಿಗೆ, ಬಾಗಿಲ ಹಿಂದಿನ ಕೋಟಿಗೆ ಬೂಷ್ಟು ಹಿಡಿಯುವಾಗ ಫೋಮ್ ಮಾತ್ರ ಉಳಿಯುತ್ತದೆಯೇ?

ಸಂಗೀತ ಕೇಳುವ ಹುಚ್ಚಿರುವವರು ಸೇರಿದಲ್ಲಿ ಕೆಲವು ಹೆಸರುಗಳು ಬಂದೇ ಬರುತ್ತವೆ. ಅಮೆರಿಕದ ಪಾಲ್ ಕ್ಲಿಪ್ಶ್ 1946ರಲ್ಲಿ ಮಾರುಕಟ್ಟೆಗೆ ತಂದ ಕ್ಲಿಪ್ಶ್‌ಹಾರ್ನ್ ಅವುಗಳಲ್ಲೊಂದು. ಕೋಣೆಯ ಮೂಲೆಯ ಎರಡು ಗೋಡೆಗಳನ್ನೇ ತನ್ನ ಕಹಳೆಯ ಮುಂದುವರಿಕೆಯಾಗಿ ಬಳಸುವ ಅದ್ಭುತ ಕಲ್ಪನೆ ಅದು. ಒಂದೆರಡು ವ್ಯಾಟ್ ಕೊಟ್ಟರೆ ಮನೆ ತುಂಬುತ್ತದೆ. ಆದರೆ ಅದಕ್ಕೆ ಎರಡು ಖಾಲಿ ಮೂಲೆಗಳು ಬೇಕು. ನಮ್ಮ ಹಳೆಯ ಮನೆಯ ನಡುಕೋಣೆಯಲ್ಲಿ ಒಂದು ಮೂಲೆಗೆ ಬಾಗಿಲು, ಇನ್ನೊಂದಕ್ಕೆ ಅಟ್ಟದ ಏಣಿ. ಎರಡನೆಯದು ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕ್ವಾಡ್ ಎಲೆಕ್ಟ್ರೋಸ್ಟ್ಯಾಟಿಕ್, 1957ರದು. ಅದರಲ್ಲಿ ಕೋನೇ ಇಲ್ಲ. ಸಾವಿರಾರು ವೋಲ್ಟ್ ವಿದ್ಯುದಂಶ ಹೊತ್ತ ತೆಳು ಹಾಳೆಯೊಂದು ಎರಡು ರಂಧ್ರಫಲಕಗಳ ನಡುವೆ ಕಂಪಿಸುತ್ತದೆ. ಅದರ ದನಿಯ ನಿರ್ಮಲತೆಗೆ ನಾನು ಮನಸೋತಿದ್ದೇನೆ. ಆದರೂ ಅಷ್ಟು ವೋಲ್ಟೇಜಿಗೂ ತೇವಕ್ಕೂ ಧೂಳಿಗೂ ಆಗಿಬರುವುದಿಲ್ಲ; ಅದು ನಮ್ಮ ನಾಡಿನ ಸ್ಪೀಕರ್ ಅಲ್ಲ.

ಮೂರನೆಯ ಹೆಸರು ಎಲ್‌ಎಸ್3/5ಎ. ಇದರ ವಿಷಯದಲ್ಲಿ ನಾನು ಸ್ವಲ್ಪ ಹೊತ್ತು ನಿಲ್ಲಲೇಬೇಕು. ಬಿಬಿಸಿಯ ಎಂಜಿನಿಯರುಗಳು 1970ರ ದಶಕದ ಮೊದಲ ವರ್ಷಗಳಲ್ಲಿ ಇದನ್ನು ರೂಪಿಸಿದ್ದು ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಕುಳಿತು ಕೆಲಸ ಮಾಡುವವರಿಗಾಗಿ. ದೊಡ್ಡ ಪೆಟ್ಟಿಗೆಗೆ ಅಲ್ಲಿ ಜಾಗವಿರಲಿಲ್ಲ. ಹಾಗಾಗಿ ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19 ಸೆಂಟಿಮೀಟರ್ ಇರುವ, ಎಲ್ಲ ಕಡೆ ಮುಚ್ಚಿದ ಪುಟ್ಟ ಪೆಟ್ಟಿಗೆ. ಉದ್ಘೋಷಕರ ಮಾತು ಸಹಜವಾಗಿ ಕೇಳಬೇಕು ಎನ್ನುವುದು ಅವರ ಮುಖ್ಯ ಬೇಡಿಕೆ. ಬಿಬಿಸಿ ಕೊಟ್ಟ ಪರವಾನಗಿಯ ಮೇಲೆ ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಮೊದಲಾದ ಕಂಪನಿಗಳು ತಯಾರಿಸಿ ಮಾರಿದವು. ಸೂಕ್ಷ್ಮತೆ ಕಡಿಮೆ: ಒಂದು ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 82-83 ಡೆಸಿಬಲ್ ಮಾತ್ರ. ನೆಲ ನಡುಗಿಸುವ ಕೆಳಸ್ವರವನ್ನು ಇದರಿಂದ ನಿರೀಕ್ಷಿಸಬಾರದು. ಆದರೆ ಕಣ್ಣು ಮುಚ್ಚಿ ಒಬ್ಬ ಗಾಯಕಿಯನ್ನು ಕೇಳಿದರೆ ಆಕೆ ಎರಡು ಪೆಟ್ಟಿಗೆಗಳ ನಡುವೆ, ಗಾಳಿಯಲ್ಲಿ, ನಿರ್ದಿಷ್ಟವಾದ ಒಂದು ಸ್ಥಳದಲ್ಲಿ ನಿಂತಿರುತ್ತಾಳೆ.

ಮಡಿಕೇರಿ ಸಮೀಪದ ಎಸ್ಟೇಟ್ ಬಂಗಲೆಯೊಂದರಲ್ಲಿ ಉಳಿದಿದ್ದ ಒಂದು ಜೊತೆ ನನ್ನ ಕೈಗೆ ಬಂದಾಗ ನನ್ನನ್ನು ಮೊದಲು ಸೆಳೆದದ್ದು ಅದರ ಆರೋಗ್ಯ. ಅಷ್ಟು ಮಳೆಗಾಲಗಳನ್ನು ಕಂಡಿದ್ದರೂ ವೂಫರ್‌ನ ಅಂಚು ಮೃದುವಾಗಿಯೇ ಇತ್ತು. ಅದಕ್ಕೆ ಬಳಸಿದ ಕೆಇಎಫ್ ಕಂಪನಿಯ ಬಿ110 ವೂಫರ್‌ಗೆ ಫೋಮ್ ಇಲ್ಲ, ಕೃತಕ ರಬ್ಬರಿನ ಸರೌಂಡ್ ಇದೆ. ಕೋನು ಕಾಗದದ್ದಲ್ಲ, ಬೆಕ್ಸ್‌ಟ್ರೀನ್ ಎಂಬ ಪ್ಲಾಸ್ಟಿಕ್ಕಿನದು. ತೇವ ಕುಡಿದು ಭಾರವಾಗುವುದಿಲ್ಲ. ಪೆಟ್ಟಿಗೆ ಬರ್ಚ್ ಮರದ ಪ್ಲೈವುಡ್‌ನದು. ಇಂಗ್ಲೆಂಡಿನ ವ್ಯಾನಿಗಾಗಿ ಮಾಡಿದ ವಸ್ತು ನಾಪೋಕ್ಲಿನ ತೇವಕ್ಕೂ ಹೊಂದಿಕೊಂಡಿತ್ತು. ನಾನು ಬದಲಿಸಿದ್ದು ಸಂಪರ್ಕದ ತಿರುಪುಗಳನ್ನು ಮಾತ್ರ. ತಾಮ್ರಕ್ಕೆ ಹಸಿರು ಕಿಲುಬು ಹಿಡಿದಿತ್ತು.

ಎಲ್ಲರಿಗೂ ಅಂಥ ಜೊತೆ ಸಿಗುವುದಿಲ್ಲ, ಸಿಕ್ಕರೂ ಬೆಲೆ ಕೈಗೆಟುಕುವುದಿಲ್ಲ. ಆದ್ದರಿಂದ ಫೋಮ್ ಹಾಳಾದ ಹಳೆಯ ಸ್ಪೀಕರ್‌ಗಳಿಗೆ ಹೊಸ ಸರೌಂಡ್ ಹಾಕುವುದನ್ನು ಕಲಿತೆ. ಈಗ ನೆಂಟರು, ನೆರೆಯವರು ತಂದುಕೊಡುವ ವೂಫರ್‌ಗಳೂ ನನ್ನ ಮೇಜಿನ ಮೇಲೆ ಇರುತ್ತವೆ. ಈ ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗೆ, ಕಣದಲ್ಲಿ ಕಾಫಿ ಒಣಗುವ ದಿನಗಳಲ್ಲಿ ಮಾತ್ರ ಮಾಡುತ್ತೇನೆ. ತೇವದ ಗಾಳಿಯಲ್ಲಿ ಅಂಟು ಒಣಗದೆ ಜಾರುತ್ತದೆ.

ಹಳೆಯ ಫೋಮನ್ನು ಬೆರಳಿನಿಂದ ಕೆರೆದು ತೆಗೆದು, ಲೋಹದ ಚೌಕಟ್ಟಿನ ಮೇಲೆ ಉಳಿದ ಅಂಟನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಬೇಕು. ಕಾಗದದ ಕೋನಿನ ಅಂಚಿಗೆ ಹೆಚ್ಚು ಸ್ಪಿರಿಟ್ ಸೋಕಬಾರದು. ಹೊಸ ಸರೌಂಡನ್ನು ಮೊದಲು ಕೋನಿಗೆ ಅಂಟಿಸಿ, ಒಂದು ರಾತ್ರಿ ಬಿಟ್ಟು, ಆಮೇಲೆ ಚೌಕಟ್ಟಿಗೆ ಅಂಟಿಸುತ್ತೇನೆ. ಎರಡನೆಯ ಹಂತವೇ ಕಷ್ಟದ್ದು. ಕೋನಿನ ಬುಡದಲ್ಲಿರುವ ತಂತಿಯ ಸುರುಳಿ ಅಯಸ್ಕಾಂತದ ಇಕ್ಕಟ್ಟಾದ ಸಂದಿನಲ್ಲಿ ಎಲ್ಲೂ ತಾಗದೆ ಚಲಿಸಬೇಕು. ಆ ಸಂದಿನಲ್ಲಿ ಸುರುಳಿಯ ಎರಡೂ ಬದಿಗೆ ಉಳಿಯುವ ಎಡೆ ಒಂದು ಮಿಲಿಮೀಟರಿಗಿಂತ ಕಡಿಮೆ. ಕೋನು ಕೂದಲೆಳೆಯಷ್ಟು ವಾಲಿದರೂ ಸುರುಳಿ ಉಜ್ಜಿ ಗರಗರ ಸದ್ದು ಬರುತ್ತದೆ. ನಾನು ನಿಧಾನವಾಗಿ ಒಣಗುವ ಬಿಳಿ ಅಂಟನ್ನು ಹಚ್ಚಿ, ವೂಫರನ್ನು ಆಂಪ್ಲಿಫೈಯರಿಗೆ ಜೋಡಿಸಿ, 30 ಹರ್ಟ್ಸಿನ ಶುದ್ಧ ಸ್ವರವನ್ನು ಬಹಳ ಸಣ್ಣದಾಗಿ ಬಿಡುತ್ತೇನೆ. ಕೋನು ಮೆಲ್ಲಗೆ ಉಸಿರಾಡುತ್ತಿರುವಾಗ ಸರೌಂಡನ್ನು ಬೆರಳತುದಿಯಿಂದ ಅತ್ತಿತ್ತ ಸರಿಸಿ, ಉಜ್ಜುವ ಸದ್ದು ಪೂರ್ತಿ ನಿಂತ ಸ್ಥಾನದಲ್ಲಿ ಬಿಡುತ್ತೇನೆ. ಕಿವಿಯನ್ನು ಕೋನಿನ ಹತ್ತಿರವೇ ಇಟ್ಟುಕೊಂಡಿರಬೇಕು. ಸರಿಯಾದ ಅಳತೆಯ ರಬ್ಬರ್ ಸರೌಂಡ್ ಸಿಕ್ಕರೆ ಅದನ್ನೇ ಹಾಕುತ್ತೇನೆ. ಅದು ಫೋಮಿಗಿಂತ ಭಾರ, ಸ್ವಲ್ಪ ಬಿಗಿ. ಕೆಳಸ್ವರದ ಸ್ವಭಾವ ತುಸು ಬದಲಾಗುತ್ತದೆ. ಕೊಡಗಿನಲ್ಲಿ ಇರುವವನಾಗಿ ನಾನು ಆ ಬದಲಾವಣೆಯನ್ನು ಸಂತೋಷದಿಂದ ಒಪ್ಪುತ್ತೇನೆ.

ಮುಚ್ಚಿದ ಪೆಟ್ಟಿಗೆಯ ಬಗ್ಗೆ ನನಗೆ ವಿಶೇಷ ಪ್ರೀತಿ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ತಂದ ಎಆರ್-1 ಈ ದಾರಿಯನ್ನು ತೆರೆಯಿತು. ಪೆಟ್ಟಿಗೆಯೊಳಗೆ ಸೆರೆಯಾದ ಗಾಳಿಯೇ ಸ್ಪ್ರಿಂಗಾಗಿ ಕೋನನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಚಿಕ್ಕ ಪೆಟ್ಟಿಗೆಯಿಂದಲೂ ಅಚ್ಚುಕಟ್ಟಾದ ಕೆಳಸ್ವರ ಹೊರಡುತ್ತದೆ. ಇಂದು ಮಾರಾಟದಲ್ಲಿರುವ ಹೆಚ್ಚಿನ ಸ್ಪೀಕರ್‌ಗಳ ಹಿಂದೆ ಅಥವಾ ಮುಂದೆ ಒಂದು ಕೊಳವೆ ಇರುತ್ತದೆ. ಆ ಕೊಳವೆಯಿಂದ ಕೆಳಸ್ವರ ಹೆಚ್ಚುತ್ತದೆ ನಿಜ. ನಮ್ಮಲ್ಲಿ ಅದೇ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಹಲ್ಲಿ ಮೊಟ್ಟೆ ಇಡುತ್ತದೆ, ಮಂಜಿನ ತೇವ ನೇರವಾಗಿ ಒಳಗೆ ಹೋಗಿ, ಕೆಳಸ್ವರವನ್ನು ವೂಫರಿಗೂ ಮೇಲಿನ ಸ್ವರವನ್ನು ಟ್ವೀಟರಿಗೂ ಹಂಚುವ ಕ್ರಾಸ್‌ಓವರ್ ಸರ್ಕ್ಯೂಟಿನ ಮೇಲೆ ಕೂರುತ್ತದೆ. ಕೊಳವೆ ಇರುವ ಸ್ಪೀಕರ್ ಇದ್ದವರು ತೆಳು ನೈಲಾನ್ ಜಾಲರಿಯನ್ನು ಬಿಗಿಯಾಗಿ ಕಟ್ಟಲಿ.

ನಾನೇ ಪೆಟ್ಟಿಗೆ ಮಾಡಿದಾಗ, ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಎಂಡಿಎಫ್ ಹಲಗೆಯನ್ನು ಮುಟ್ಟಲಿಲ್ಲ. ಬೆಂಗಳೂರಿನಲ್ಲಿ ಅದು ಒಳ್ಳೆಯ ವಸ್ತು. ಇಲ್ಲಿ ತೇವ ಕುಡಿದು ಅಂಚುಗಳು ಉಬ್ಬಿ ತಿರುಪು ಸಡಿಲವಾಗುತ್ತದೆ. ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ತಂದು, ಕೊಯ್ದ ಅಂಚಿಗೆಲ್ಲ ವಾರ್ನಿಷ್ ಕುಡಿಸಿದೆ. ಒಳಗೆ ದಿಂಬಿಗೆ ತುಂಬುವ ಪಾಲಿಯೆಸ್ಟರ್ ಅರಳೆ ಹಾಕಿದೆ. ಉಣ್ಣೆ ಇನ್ನೂ ಒಳ್ಳೆಯದು ಎನ್ನುವವರಿದ್ದಾರೆ, ಆದರೆ ಅದಕ್ಕೆ ನುಸಿ ಬೀಳುತ್ತದೆ. ವೂಫರ್ ಆರಿಸುವಾಗ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಕೋನು, ರಬ್ಬರ್ ಅಂಚು ಎಂದು ಮೊದಲೇ ತೀರ್ಮಾನಿಸಿದ್ದೆ. ಪಾಲಿಪ್ರೊಪಿಲೀನನ್ನು ಕೋನಿಗೆ ಬಳಸುವ ಕೆಲಸದಲ್ಲಿ ಮುಂದಾಳಾಗಿದ್ದವರು ಬಿಬಿಸಿಯ ಸಂಶೋಧನಾ ವಿಭಾಗದಲ್ಲಿದ್ದ ಡಡ್ಲಿ ಹಾರ್ವುಡ್. 1977ರಲ್ಲಿ ಹಾರ್ಬೆತ್ ಕಂಪನಿಯನ್ನು ಕಟ್ಟಿದವರೂ ಅವರೇ. ಕ್ರಾಸ್‌ಓವರ್‌ನಲ್ಲಿ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲು ಫಿಲ್ಮ್ ಕೆಪಾಸಿಟರ್ ಹಾಕಿದೆ. ವರ್ಷ ಕಳೆದಂತೆ ಮೌಲ್ಯ ಬದಲಾಗುವ ಚಿಂತೆ ಇಲ್ಲ.

ಇಷ್ಟು ಮಾಡಿದ ಮೇಲೆ ಯಾವುದು ಒಳ್ಳೆಯದು ಎಂದು ತೀರ್ಮಾನಿಸುವುದು ಹೇಗೆ? ಧ್ವನಿಮುದ್ರಿಕೆಗಳನ್ನು ಮಾತ್ರ ಕೇಳಿ ಹೇಳುವುದು ಕಷ್ಟ, ಏಕೆಂದರೆ ಮೂಲ ದನಿ ಹೇಗಿತ್ತು ಎಂದು ನಮಗೆ ಗೊತ್ತಿರುವುದಿಲ್ಲ. ಬಿಬಿಸಿಯವರು ಸ್ಟುಡಿಯೋದಲ್ಲಿ ಮಾತನಾಡುವವರನ್ನು ಎದುರಿನಲ್ಲೇ ಕೇಳಿ, ಪಕ್ಕದ ಕೋಣೆಗೆ ಹೋಗಿ ಅದೇ ದನಿಯನ್ನು ಸ್ಪೀಕರಿನಲ್ಲಿ ಕೇಳಿ ತೂಗುತ್ತಿದ್ದರು. ನನ್ನ ಬಳಿ ಸ್ಟುಡಿಯೋ ಇಲ್ಲ, ಆದರೆ ದುಡಿ ಎಂಬ ಚರ್ಮವಾದ್ಯ ಹಿಡಿದು ಕೊಡವರ ಬಾಳೋಪಾಟ್ ಹಾಡುವ ಮಾವ ಇದ್ದಾರೆ. ಸುಗ್ಗಿಯ ಹಬ್ಬ ಪುತ್ತರಿ ಕಳೆದ ಮೇಲೆ ಅವರನ್ನು ಕಾಫಿ ಕಣದ ನಡುವೆ ನಿಲ್ಲಿಸಿ ಹಾಡಿಸಿ ಮುದ್ರಿಸಿಕೊಂಡೆ. ಬಯಲಾದ್ದರಿಂದ ಗೋಡೆಯ ಪ್ರತಿಧ್ವನಿ ಸೇರಲಿಲ್ಲ. ಕೋಣೆಯೊಳಗೆ ಮುದ್ರಿಸಿ ಅದೇ ಕೋಣೆಯಲ್ಲಿ ಕೇಳಿದರೆ ಪ್ರತಿಧ್ವನಿ ಎರಡು ಪಟ್ಟಾಗುತ್ತದೆ. ಆಮೇಲೆ ನಡುಕೋಣೆಯಲ್ಲಿ ಮಾವ ಒಂದು ಸಾಲು ಹಾಡುವುದು, ಸ್ಪೀಕರ್ ಒಂದು ಸಾಲು ಹಾಡುವುದು. ನಾನು, ನನ್ನ ಹೆಂಡತಿ, ತಂಗಿ ಬಾಗಿಲಾಚೆ ನಿಂತು ಕೇಳಿದೆವು.

ದುಡಿ ಚಿಕ್ಕ ವಾದ್ಯ. ಕಡ್ಡಿ ತಾಗಿದ ಕ್ಷಣದ ಮೊನಚು, ಕೂಡಲೇ ನಿಲ್ಲುವ ನಾದ ಎರಡೂ ಸರಿಯಾಗಿ ಬರಬೇಕು. ನನ್ನಲ್ಲಿದ್ದ, ಹೊಸ ಫೋಮ್ ಹಾಕಿಸಿಕೊಂಡಿದ್ದ ದೊಡ್ಡ ಮೂರು ದಾರಿಯ (ಕೆಳ, ನಡು, ಮೇಲಿನ ಸ್ವರಗಳಿಗೆ ಬೇರೆ ಬೇರೆ ಘಟಕಗಳಿರುವ) ಸ್ಪೀಕರಿನಲ್ಲಿ ಪೆಟ್ಟು ಗಟ್ಟಿಯಾಗಿತ್ತು, ಆದರೆ ನಾದದ ಬಾಲ ಉದ್ದವಾಯಿತು. ಪೆಟ್ಟಿಗೆಯ ಹಲಗೆ ತಾನೂ ಸ್ವಲ್ಪ ಹಾಡುತ್ತಿತ್ತು. ಬಿಬಿಸಿಯ ಪುಟ್ಟ ಜೊತೆಯಲ್ಲಿ ಪೆಟ್ಟಿನ ಬಲ ಕಡಿಮೆ, ದನಿ ಮಾತ್ರ ಮಾವನದೇ. ಮಾವ ಸ್ವಲ್ಪ ಹೊತ್ತು ಕೇಳಿ, “ನೋಡು, ಈ ಚಿಕ್ಕದರಲ್ಲಿ ಹಾಡುತ್ತಿರುವುದು ನಾನೇ. ಆ ದೊಡ್ಡದರಲ್ಲಿ ಮೂಗು ಕಟ್ಟಿದಾಗ ಹಾಡಿದ ಹಾಗಿದೆ,” ಎಂದರು. “ನೀವು ಹೇಳಿದ್ದು ಸರಿ ಮಾವ, ಅದರ ನಡುಸ್ವರದಲ್ಲಿ ಒಂದು ಉಬ್ಬು ಇದೆ,” ಎಂದೆ. ನಾನು ಕಟ್ಟಿದ ಮುಚ್ಚಿದ ಪೆಟ್ಟಿಗೆ ಅವೆರಡರ ನಡುವೆ ನಿಂತಿತು. ಅದರ ಟ್ವೀಟರಿನ ಮಟ್ಟವನ್ನು ಒಂದು ರೆಸಿಸ್ಟರ್ ಸೇರಿಸಿ ತುಸು ಇಳಿಸಿದ ಮೇಲೆ, ದುಡಿಯಲ್ಲಿ ಅದೇ ಮೂರರಲ್ಲಿ ಮೇಲೆನಿಸಿತು. ಎಷ್ಟು ಹೊಗಳಿದ ಸ್ಪೀಕರ್ ಆದರೂ ನಮಗೆ ಎದುರಿನಲ್ಲಿ ಪರಿಚಯವಿರುವ ಒಂದು ಕಂಠವನ್ನು ಅದರಲ್ಲಿ ಕೇಳದೆ ಹಣ ಕೊಡಬಾರದು ಎಂದು ನಾನು ದೃಢವಾಗಿ ಹೇಳುತ್ತೇನೆ.

ಇಡುವ ಜಾಗದ ಮಾತಿಗೆ ಬರೋಣ. ಹಳೆಯ ಕೊಡಗಿನ ಮನೆಗೆ ದಪ್ಪ ಗೋಡೆ, ಕಾವಿ ನೆಲ, ಮೇಲೆ ಮರದ ಹಲಗೆಯ ಅಟ್ಟ. ಅಟ್ಟ ನಮ್ಮ ಭಾಗ್ಯ: ಹಲಗೆಗಳು ತಾವೇ ಕಂಪಿಸಿ ಕೆಳಸ್ವರದ ಹೆಚ್ಚುವರಿಯನ್ನು ಹೀರುತ್ತವೆ. ನುಣುಪು ನೆಲ ಮಾತ್ರ ಮೇಲಿನ ಸ್ವರಗಳನ್ನು ಹಾಗೆಯೇ ಎಸೆಯುತ್ತದೆ. ಸ್ಪೀಕರಿಗೂ ಕುರ್ಚಿಗೂ ನಡುವೆ ದಪ್ಪ ಕಂಬಳಿ ಹಾಸಿದರೆ ಕಣ್ಣೆದುರೇ ವ್ಯತ್ಯಾಸ. ಕೋಣೆಯ ಅಗಲ 3.6 ಮೀಟರ್. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅದನ್ನು ಅಗಲದ ಎರಡು ಪಟ್ಟಿನಿಂದ ಭಾಗಿಸಿದರೆ 48 ಹರ್ಟ್ಸ್ ಬರುತ್ತದೆ. ಎರಡು ಗೋಡೆಗಳ ನಡುವೆ ತಾಗಿ ತಾಗಿ ಬಲಗೊಳ್ಳುವ ಆ ಸ್ವರ ಗೋಡೆಯ ಬಳಿ ಗುಂಯ್‌ಗುಡುತ್ತದೆ, ಕೋಣೆಯ ನಡುವೆ ಕಾಣೆಯಾಗುತ್ತದೆ. ಹಾಗಾಗಿ ಕುರ್ಚಿಯನ್ನು ಗೋಡೆಗೆ ಒರಗಿಸಿಯೂ ಇಡುವುದಿಲ್ಲ, ಸರಿಯಾಗಿ ನಡುಮಧ್ಯದಲ್ಲಿಯೂ ಇಡುವುದಿಲ್ಲ. ಎರಡು ಸ್ಪೀಕರ್ ಮತ್ತು ಕುಳಿತ ತಲೆ ಸಮಬಾಹು ತ್ರಿಕೋನವಾಗಬೇಕು, ಟ್ವೀಟರ್ ಕಿವಿಯ ಎತ್ತರಕ್ಕಿರಬೇಕು. ಪುಸ್ತಕದ ಕಪಾಟಿನೊಳಗೆ ತುರುಕಿದರೆ ಎಂಥ ಸ್ಪೀಕರೂ ಸೋಲುತ್ತದೆ. ಬೀಟೆ ಮರದ ಹಳೆಯ ಸ್ಟೂಲುಗಳ ಮೇಲೆ, ಹಿಂದಿನ ಗೋಡೆಯಿಂದ ಕೈಯಳತೆ ಮುಂದೆ ಇಟ್ಟಿದ್ದೇನೆ.

ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಯಲ್ಲಿ ಹಂಚಿನ ಮೇಲಿನ ಸದ್ದು ತಂಬೂರಿಯ ಸೂಕ್ಷ್ಮ ನಾದವನ್ನೆಲ್ಲ ನುಂಗುತ್ತದೆ. ದನಿ ಏರಿಸಿ ಗೆಲ್ಲಲು ಹೊರಟರೆ ಪ್ರತಿ 3 ಡೆಸಿಬಲ್‌ಗೆ ಆಂಪ್ಲಿಫೈಯರಿನ ಶಕ್ತಿ ಎರಡು ಪಟ್ಟು ಬೇಕು, 6 ಡೆಸಿಬಲ್‌ಗೆ ನಾಲ್ಕು ಪಟ್ಟು. 83 ಡೆಸಿಬಲ್‌ನ ಸ್ಪೀಕರಿಗೆ ಅದು ಹಿಂಸೆ. ಅಂಥ ರಾತ್ರಿ ನಾನು ಕುರ್ಚಿಯನ್ನೇ ಸ್ಪೀಕರಿನ ಹತ್ತಿರಕ್ಕೆ ಎಳೆದುಕೊಳ್ಳುತ್ತೇನೆ. ಏಪ್ರಿಲ್, ಮೇ ತಿಂಗಳ ಗುಡುಗಿಗೆ ಆಂಪ್ಲಿಫೈಯರಿನ ಪ್ಲಗ್ಗನ್ನೂ ಡಿಶ್‌ನ ತಂತಿಯನ್ನೂ ಕೈಯಾರೆ ಕಿತ್ತಿಡಬೇಕು. ಸ್ವಿಚ್ ಆರಿಸಿದರೆ ಸಾಲದು. ಇನ್ವರ್ಟರ್ ಕೊಳ್ಳುವವರು ಶುದ್ಧ ಸೈನ್ ತರಂಗದ್ದನ್ನೇ ಕೊಳ್ಳಲಿ. ಚೌಕ ತರಂಗದ್ದರಲ್ಲಿ ಸ್ಪೀಕರ್ ಝೇಂಕರಿಸುತ್ತದೆ. ಮಳೆಗಾಲದಲ್ಲಿ ಪ್ರತಿದಿನ ಸ್ವಲ್ಪ ಹೊತ್ತಾದರೂ ಹಾಡಿಸುತ್ತೇನೆ, ಕೋಣೆಯ ತೇವಮಾಪಕ ಶೇಕಡಾ 70 ದಾಟಿದರೆ ತೇವ ಹೀರುವ ಯಂತ್ರ ಹಾಕುತ್ತೇನೆ, ಮಳೆ ಬಿಟ್ಟ ಮೇಲೆ ಸಂಪರ್ಕದ ತಿರುಪುಗಳನ್ನೆಲ್ಲ ಬಿಚ್ಚಿ ಒರೆಸಿ ಮತ್ತೆ ಬಿಗಿಯುತ್ತೇನೆ.

ಆ ದೊಡ್ಡ ಮೂರು ದಾರಿಯ ಜೊತೆಯನ್ನು ನಾನು ಕೈಬಿಟ್ಟಿಲ್ಲ. ಬರುವ ಬೇಸಿಗೆಯಲ್ಲಿ ಅದರ ಹಲಗೆಗಳಿಗೆ ಒಳಗಿನಿಂದ ಅಡ್ಡಪಟ್ಟಿ ಕೊಟ್ಟು, ಬಿಟುಮಿನ್ ಹಾಳೆ ಅಂಟಿಸಿ, ಫೋಮಿನ ಬದಲು ರಬ್ಬರ್ ಹಾಕುವ ಕೆಲಸವಿದೆ. ಸರೌಂಡ್ ತರಿಸುವವರಿಗೆ ಒಂದು ಸೂಚನೆ: ‘ಎಂಟು ಇಂಚಿನ ವೂಫರ್’ ಎಂದಷ್ಟೇ ಬರೆದು ಕಳುಹಿಸಬೇಡಿ. ಕೋನಿನ ಹೊರವ್ಯಾಸ, ಉಬ್ಬಿನ ಒಳ ಮತ್ತು ಹೊರ ವ್ಯಾಸ, ಚೌಕಟ್ಟಿಗೆ ಅಂಟುವ ಅಂಚಿನ ಹೊರವ್ಯಾಸ, ಈ ನಾಲ್ಕನ್ನೂ ಮಿಲಿಮೀಟರಿನಲ್ಲಿ ಅಳೆದು ಕಳುಹಿಸಿ.