ಬಕೆಟ್ ಹಿಡಿದು ಅಳೆದ ನೀರು

ನಾನು ಮಾಡಿಸಿದ ಮೊದಲ ನೀರಿನ ಯೋಜನೆ ಮೂರನೇ ವರ್ಷಕ್ಕೆ ನಿಂತುಹೋಯಿತು. ಪೈಪು, ಟ್ಯಾಂಕು ಎಲ್ಲಾ ಗಟ್ಟಿಯಾಗೇ ಇದ್ದವು. ಸವೆದಿದ್ದು ಒಂದು ವಾಷರ್, ಅಷ್ಟೇ. ಊರವರು ಫೋನ್ ಮಾಡಿ "ನಿಮ್ಮ ನಲ್ಲಿ ಕೆಟ್ಟಿದೆ, ಬಂದು ನೋಡಿ" ಅಂದರು. ನಿಮ್ಮ ನಲ್ಲಿ! ತಪ್ಪು ನನ್ನದೇ. ನಕ್ಷೆ ಮುಗಿದ ಮೇಲೆ ಸಭೆ ಕರೆದು ಸಹಿ ಹಾಕಿಸಿಕೊಂಡಿದ್ದೆ.

ಮುಂದಿನ ಊರಿನಲ್ಲಿ ನಕ್ಷೆಗೆ ಮುಂಚೆಯೇ ಎಲ್ಲರನ್ನೂ ಗುಡ್ಡದ ಒರತೆ ಹತ್ತಿರ ಕರೆದುಕೊಂಡು ಹೋದೆ. 20 ಲೀಟರಿನ ಬಕೆಟ್ ತುಂಬಲು 50 ಸೆಕೆಂಡ್ ಹಿಡಿಯಿತು. ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 34,500 ಲೀಟರ್. 600 ಜನಕ್ಕೆ ತಲೆಗೆ 57 ಲೀಟರ್. ಸಾಕಲ್ವಾ ಅಂದುಕೊಂಡೆ. ಹಿಂದೆ ನಿಂತಿದ್ದ ಅಜ್ಜಿಯೊಬ್ಬರು, "ಈಗ ಅಳೆದು ಏನು ಮಾಡ್ತೀಯಪ್ಪ? ಬೇಸಿಗೆ ಕೊನೆಗೆ ಬಾ" ಅಂದರು.

ಹೋದೆವು. ಬಕೆಟ್ ಹಿಡಿದಿದ್ದು ಅವರ ಮೊಮ್ಮಗಳು. 80 ಸೆಕೆಂಡ್! ದಿನಕ್ಕೆ 21,600 ಲೀಟರ್, ತಲೆಗೆ ಬರೀ 36. ಸೋರಿಕೆ ಕಳೆದರೆ ಇನ್ನೂ ಕಡಿಮೆ. ಅವತ್ತು ಗುಡ್ಡ ಇಳಿಯುವಾಗಲೇ "ಮನೆಮನೆಗೆ ನಲ್ಲಿ" ಅನ್ನುವ ಮಾತು ಬಿದ್ದುಹೋಯಿತು. ನಾನು ಹೇಳಿದ್ದರೆ ಜಗಳ ಆಗುತ್ತಿತ್ತು. ಬೀದಿ ನಲ್ಲಿಗಳು, ರಾತ್ರಿ ಹರಿಯುವ ನೀರು ಹಿಡಿದಿಡಲು ಒಂದು ಟ್ಯಾಂಕು ಅಂತ ಅವರೇ ತೀರ್ಮಾನಿಸಿದರು. ನಲ್ಲಿ ಎಲ್ಲಿರಬೇಕು ಅನ್ನೋದನ್ನು ಹೆಂಗಸರಿಗೆ ಬಿಟ್ಟೆ. ನನ್ನ ಎರಡು ಗುರುತುಗಳನ್ನು ಕಿತ್ತು ಬೇರೆ ಕಡೆ ನೆಟ್ಟರು. ಚೆಲ್ಲಿದ ನೀರು ಯಾರ ಅಂಗಳಕ್ಕೆ ಹರಿಯುತ್ತದೆ ಅಂತ ಅವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ದುಡ್ಡಿನ ಮಾತಿಗೆ ನಾಲ್ಕು ಸಭೆ ಬೇಕಾಯಿತು. ನೀರು ಪುಕ್ಕಟೆ, ಆದರೆ ವಾಷರ್, ಕ್ಲೋರಿನ್, ವಾಲ್ವ್ ತಿರುಗಿಸುವವರ ಸಂಬಳ ಪುಕ್ಕಟೆ ಅಲ್ಲ ತಾನೇ? ತಿಂಗಳ ಜಮಾ ಖರ್ಚನ್ನು ಟ್ಯಾಂಕಿನ ಗೋಡೆ ಮೇಲೆ ಬರೆಯುವ ಪದ್ಧತಿ ಬಂದ ಮೇಲೆ ವಂತಿಗೆ ಕೊಡದವರು ಕಡಿಮೆಯಾದರು. ಕ್ಲೋರಿನ್ ಪರೀಕ್ಷೆ ಮಾಡುವುದು ಕಟ್ಟಕಡೆಯ ನಲ್ಲಿಯಲ್ಲಿ. ಅಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು.

ವಾಲ್ವಿನ ಕೀಲಿ ಯಾರ ಹತ್ತಿರ ಇರಬೇಕು ಅನ್ನೋದೇ ದೊಡ್ಡ ಜಗಳ. ಕಡೆಗೆ ಆ ಕಟ್ಟಕಡೆಯ ನಲ್ಲಿ ಪಕ್ಕದ ಮನೆಯಾಕೆಗೆ ಕೊಟ್ಟರು. ನೀರು ಕಡಿಮೆಯಾದರೆ ಮೊದಲು ಖಾಲಿ ಕೊಡ ಹಿಡಿದು ನಿಲ್ಲುವವರು ಅವರೇ. ಹೋದ ಸಲ ನಾನು ಹೋದಾಗ ಆಕೆ ವಾಲ್ವ್ ಬಿಚ್ಚಿಕೊಂಡು ಕೂತಿದ್ದರು. "ಸ್ವಲ್ಪ ಆ ಸ್ಪ್ಯಾನರ್ ಕೊಡಿ" ಅಂದರು. ಕೊಟ್ಟೆ.